ಅಪ್ಪನ ಸೈಕಲ್ಲಿಗೆ ಮತ್ತೆ ಬಂತು ಹೊಳಪು

ನಿಮ್ಮ ಮನೆಯ ಹಿತ್ತಲಲ್ಲೋ, ಮೆಟ್ಟಿಲ ಕೆಳಗೋ, ಸೌದೆ ಕೋಣೆಯ ಗೋಡೆಗೋ ಒಂದು ಹಳೇ ಸೈಕಲ್ಲು ಒರಗಿಕೊಂಡು ನಿಂತಿದೆಯೆ? ಸೀಟಿನ ಮೇಲೆ ಹಳೇ ಗೋಣಿಚೀಲ, ಹ್ಯಾಂಡಲಿಗೆ ಒಣಗಲು ಹಾಕಿದ ಮಸಿಬಟ್ಟೆ, ಕ್ಯಾರಿಯರಿನ ಮೇಲೆ ಈರುಳ್ಳಿ ಬುಟ್ಟಿ? ಇದ್ದೇ ಇರುತ್ತದೆ ಬಿಡಿ! ಮನೆ ಗುಡಿಸುವಾಗಲೆಲ್ಲ "ಇದೊಂದು ಹಾಳು ಸೈಕಲ್ಲು" ಎಂದು ನೀವೂ ಗೊಣಗಿರುತ್ತೀರಿ. ನಾನೂ ಗೊಣಗಿದವಳೇ. ಆದರೆ ಗುಜರಿಯವನ ಕೂಗು ಬೀದಿಯಲ್ಲಿ ಕೇಳಿದಾಗ ಮಾತ್ರ ಕೊಡಲು ಮನಸ್ಸು ಬರುವುದಿಲ್ಲ. ಯಾಕೆ ಅಂತೀರಿ? ಅದು ಯಾರೋ ನಮ್ಮವರು ತುಳಿದ ಸೈಕಲ್ಲು.

ನನ್ನ ತವರು ಹರಿಹರ. ಅಪ್ಪ ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಆ ಕಾರ್ಖಾನೆ ಈಗಿಲ್ಲ. ಆದರೆ ಆ ಕಾಲದಲ್ಲಿ ಪಾಳಿ ಬಿಡುವ ಹೊತ್ತಿಗೆ ಯಂತ್ರಾಪುರದ ಕಡೆಯಿಂದ ಸೈಕಲ್ಲುಗಳ ಸಾಲೇ ಊರೊಳಕ್ಕೆ ಹರಿದುಬರುತ್ತಿತ್ತು. ನೂರಾರು ಬೆಲ್ಲು ಒಟ್ಟಿಗೆ ಬಾರಿಸಿದರೂ ಅಪ್ಪನ ಬೆಲ್ಲು ಯಾವುದೆಂದು ಅವ್ವನಿಗೆ ಗೊತ್ತಾಗುತ್ತಿತ್ತು. ಒಲೆಯ ಮೇಲೆ ಚಹಾದ ನೀರು ಇಡುತ್ತಿದ್ದದ್ದೇ ಆ ಸದ್ದು ಕೇಳಿ.

1968ರಲ್ಲಿ ಕೊಂಡ ಕಪ್ಪು ರ್‍ಯಾಲಿ ಸೈಕಲ್ಲು ಅದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಹೆಸರಾದರೂ ಬಂಗಾಳದ ಅಸನ್ಸೋಲ್‌ನ ಸೆನ್-ರ್‍ಯಾಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಆಗ ಕೆಲವರ ಮನೆಯಲ್ಲಿ ಮದ್ರಾಸಿನ ಅಂಬತ್ತೂರಿನ ಹರ್ಕ್ಯುಲಿಸ್, ಕೆಲವರ ಮನೆಯಲ್ಲಿ ಸೋನೆಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ. ನಮ್ಮ ಮನೆಯಲ್ಲಿ ರ್‍ಯಾಲಿ. ಕಪ್ಪು ಮೈ, ಅದರ ಮೇಲೆ ಎಳೆಎಳೆಯಾಗಿ ಬಂಗಾರದ ಬಣ್ಣದ ಗೆರೆ. ಮೂಗುತಿಯ ಹಾಗೆ ಮುಂದೆ ಒಂದು ಹಿತ್ತಾಳೆ ಬಿಲ್ಲೆ.

ಅಪ್ಪ ತೀರಿಕೊಂಡ ಮೇಲೆ ತಮ್ಮ ಫೋನಿನಲ್ಲಿ ಹೇಳಿದ: "ಅಕ್ಕಾ, ಸೈಕಲ್ಲು ತುಕ್ಕು ಹಿಡಿದು ಹೋಗೇತಿ. ಗುಜರಿಗೆ ಹಾಕಿಬಿಡ್ತೀನಿ." ಅವ್ವ ಏನೂ ಹೇಳಲಿಲ್ಲವಂತೆ. ಆದರೆ ಪ್ರತಿ ಶುಕ್ರವಾರ ದೇವರ ಸಾಮಾನು ತೊಳೆದಾದ ಮೇಲೆ ಅದೇ ಬಟ್ಟೆಯಿಂದ ಆ ಸೈಕಲ್ಲನ್ನೂ ಒರೆಸುತ್ತಾಳೆ ಎಂದು ತಮ್ಮನ ಹೆಂಡತಿ ಮೆಲ್ಲಗೆ ನನಗೆ ತಿಳಿಸಿದಳು. ನನಗೆ ತಡೆಯಲಿಲ್ಲ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್. ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದೇಬಿಟ್ಟೆ. ನಮ್ಮವರು ಬಾಗಿಲಲ್ಲೇ ನಿಂತು, "ತವರಿನಿಂದ ಅರಿಶಿನ-ಕುಂಕುಮ, ಸೀರೆ ತರೋದು ಕೇಳಿದ್ದೆ. ಇದೇನಿದು?" ಎಂದರು.

ಪೂರಾ ಬಣ್ಣವೋ, ಗಾಯಕ್ಕೆ ಮಾತ್ರ ಮದ್ದೋ?

ಮೊದಲು ನಿಮ್ಮ ಮನಸ್ಸಿಗೂ ಬರುವ ಯೋಚನೆ ನನಗೂ ಬಂತು: ಪೇಂಟಿನವನಿಗೆ ಕೊಟ್ಟು ಫಳಫಳ ಮಾಡಿಸಿಬಿಟ್ಟರಾಯಿತು. ಆದರೆ ಹಿಂದೊಮ್ಮೆ ನಮ್ಮ ಯಜಮಾನರ ಸೈಕಲ್ಲನ್ನು ಹಾಗೆ ಒಂದು ಅಂಗಡಿಗೆ ಕೊಟ್ಟು ಕೈ ಸುಟ್ಟುಕೊಂಡಿದ್ದೆವು. ತುಕ್ಕಿನ ಮೇಲೇ ಬಣ್ಣ ಹೊಡೆದಿದ್ದರು. ಬಿಲ್ಲೆಯೂ ಕಪ್ಪು, ಸ್ಕ್ರೂಗಳೂ ಕಪ್ಪು, ಎಣ್ಣೆ ಬಿಡುವ ತೂತೂ ಮುಚ್ಚಿಹೋಗಿತ್ತು. ಮೊದಲ ಮಳೆಗೇ ಹಪ್ಪಳದ ಹಾಗೆ ಬಣ್ಣ ಉಬ್ಬಿಕೊಂಡು ಎದ್ದಿತು.

ಯಾಕೆ ಹಾಗಾಯಿತು? ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಮೇಲೆ ಎಷ್ಟು ಚೆಂದದ ಬಣ್ಣವಿದ್ದರೂ ಒಳಗಿನ ತುಕ್ಕು ಅದನ್ನು ಎತ್ತಿ ಎಸೆಯುತ್ತದೆ. ಗಾಳಿ, ನೀರು ಎರಡೂ ಸೇರಿದ ಕಡೆಯೆಲ್ಲ ಅದರ ಕೆಲಸ ನಡೆದೇ ಇರುತ್ತದೆ. ಉಪ್ಪಿನ ಅಂಶವಿರುವ ಬೆವರು ಬಿದ್ದರೆ ಇನ್ನೂ ಬೇಗ.

ಇನ್ನೊಂದು ಮಾತು. ಹಳೇ ಸೈಕಲ್ಲಿನ ಬಣ್ಣ ನಾವು ಕಿಟಕಿ ಸರಳಿಗೆ ಬಳಿಯುವ ಬಣ್ಣದಂತಲ್ಲ. ಕಾರ್ಖಾನೆಯಲ್ಲಿ ಎನಾಮಲ್ ಹಚ್ಚಿ ದೊಡ್ಡ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ್ದು. ಅದಕ್ಕೇ ಐವತ್ತು ವರ್ಷವಾದರೂ ಉಗುರಿಗೆ ಜಗ್ಗುವುದಿಲ್ಲ. ಮೇಲೆ ಎಳೆದ ಗೆರೆ, ಅಂಟಿಸಿದ ಹೆಸರಿನ ಅಚ್ಚು ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಅದೇ ಬರುವುದಿಲ್ಲ. ಈಗ ಪೌಡರ್ ಕೋಟಿಂಗ್ ಎಂದು ಬಂದಿದೆ. ಪುಡಿಯನ್ನು ಅಂಟಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂರಿಸುತ್ತಾರೆ. ಬಹಳ ಗಟ್ಟಿ, ಒಪ್ಪಿದೆ. ಆದರೆ ಅದಕ್ಕೆ ಹಳೆಯ ಬಣ್ಣವನ್ನೆಲ್ಲ ಕೆತ್ತಿ ತೆಗೆಯಬೇಕು. ಮಕ್ಕಳು ದಿನಾ ಶಾಲೆಗೆ ತುಳಿಯುವ ಸೈಕಲ್ಲಿಗೆ ಅದು ಸರಿ. 2006-07ರಲ್ಲಿ ಸರ್ಕಾರ ಆರಂಭಿಸಿದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಬಂದ ಸೈಕಲ್ಲು ನಿಮ್ಮ ಮನೆಯಲ್ಲಿದ್ದರೆ, ಅರ್ಧಕ್ಕರ್ಧ ತುಕ್ಕು ತಿಂದಿದ್ದರೆ, ಪೂರಾ ಬಣ್ಣವೇ ಮಾಡಿಸಿ. ಅಪ್ಪನದೋ ಅಜ್ಜನದೋ ನೆನಪಿನ ಸೈಕಲ್ಲಾಗಿದ್ದು, ಮುಕ್ಕಾಲು ಬಣ್ಣ ಚೆನ್ನಾಗಿದ್ದರೆ ಗಾಯಕ್ಕೆ ಮಾತ್ರ ಮದ್ದು ಹಾಕಿ.

ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರನ್ನು ಕೇಳಿದೆ. ಅವರು ನಕ್ಕು, "ಬಣ್ಣ ಹಚ್ಚೋದು ಅರ್ಧ ದಿನದ ಕೆಲಸ ತಾಯಿ, ಉಜ್ಜೋದು ಮೂರು ದಿನದ್ದು. ಅವಸರ ಇದ್ರೆ ಮುಟ್ಟಲೇ ಬ್ಯಾಡ್ರಿ" ಎಂದರು. ಮುಂದೆ ಓದುವುದರಲ್ಲಿ ಅರ್ಧ ಅವರು ಹೇಳಿಕೊಟ್ಟದ್ದು, ಉಳಿದರ್ಧ ನಾನು ಕೆಡಿಸಿ ಕಲಿತದ್ದು.

ಬೇಕಾಗುವ ಸಾಮಾನು

ಅಡುಗೆ ಪುಟದ ಹಾಗೆ ಮೊದಲು ಸಾಮಾನು ಹೇಳಿಬಿಡುತ್ತೇನೆ. ವಾಟರ್ ಪೇಪರ್, ಅಂದರೆ ನೀರಲ್ಲಿ ನೆನೆಸಿ ಉಜ್ಜುವ ಕಪ್ಪು ಕಾಗದ, 320, 600 ಮತ್ತು 1200 ನಂಬರಿನದು ಒಂದೊಂದು ಹಾಳೆ (ನಂಬರು ಹೆಚ್ಚಿದಷ್ಟೂ ಕಾಗದ ನುಣುಪು). ರೆಡ್ ಆಕ್ಸೈಡ್ ಪ್ರೈಮರಿನ ಸಣ್ಣ ಡಬ್ಬಿ. ಕಪ್ಪು ಸಿಂಥೆಟಿಕ್ ಎನಾಮಲ್, ಅದೇ ಕಂಪನಿಯ ಕಂದು ಬಣ್ಣ, 50 ಮಿಲಿಲೀಟರಿನ ಒಂದೊಂದು ಪುಟ್ಟ ಡಬ್ಬಿ. ಒಂದು ಸೀಸೆ ಟರ್ಪೆಂಟೈನ್. ಚಿತ್ರ ಬರೆಯುವ 0 ಮತ್ತು 1 ನಂಬರಿನ ಕುಂಚ. ರಬ್ಬಿಂಗ್ ಕಾಂಪೌಂಡ್, ಮೇಣದ ಪಾಲಿಶ್. ಮನೆಯಲ್ಲೇ ಇರುವುದು: ಅಂಟುವಾಳಕಾಯಿ, ಹುಣಸೆಹಣ್ಣು, ಹಳೇ ಬನಿಯನ್ ಬಟ್ಟೆ, ಮಕ್ಕಳ ರಬ್ಬರು, ಹಳೇ ಪೇಪರು. ನಮ್ಮೂರ ಮಂಡಿಪೇಟೆ ಕಡೆಯ ಅಂಗಡಿಗಳಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಕ್ಕವು. ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ.

ಮೊದಲು ಎಚ್ಚರಿಕೆ, ಆಮೇಲೆ ಕೆಲಸ

ಸೋದರಿಯರೇ, ಈ ಭಾಗ ಮಾತ್ರ ದಯವಿಟ್ಟು ಬಿಟ್ಟು ಓದಬೇಡಿ. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದರ ಧೂಳು ಹೊಟ್ಟೆಗೆ ಹೋದರೆ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ಹಳೇ ಸೈಕಲ್ಲಿನ ಬಣ್ಣವನ್ನು ಒಣಗಿದ್ದಾಗ ಎಂದೂ ಉಜ್ಜಬೇಡಿ. ನೀರು ಹಾಕಿಕೊಂಡೇ ಉಜ್ಜಿ, ಧೂಳು ಏಳಬಾರದು. ಬೆಂಕಿ ಹಿಡಿದು ಸುಡಲೇಬೇಡಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಕೆಳಗೆ ಹಾಸಿದ ಪೇಪರನ್ನು ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಬಸುರಿಯರು ಈ ಕೆಲಸ ಮಾಡಕೂಡದು, ಸಣ್ಣ ಮಕ್ಕಳು ಹತ್ತಿರ ಸುಳಿಯಕೂಡದು. ಅಡುಗೆಮನೆಯ ಬಟ್ಟಲು, ಚಮಚ ಇದಕ್ಕೆ ಬಳಸಿದರೆ ಅವು ಮತ್ತೆ ಅಡುಗೆಮನೆಗೆ ಬರಬಾರದು.

ಟರ್ಪೆಂಟೈನು ಬೇಗ ಬೆಂಕಿ ಹಿಡಿಯುವ ವಸ್ತು. ಒಲೆ, ದೀಪ, ಊದುಬತ್ತಿಯಿಂದ ದೂರ, ಗಾಳಿಯಾಡುವ ಅಂಗಳದಲ್ಲಿ ಕೂತು ಕೆಲಸ ಮಾಡಿ. ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಹರವಿ ಒಣಗಿಸಿ.

ತೊಳೆದು ನೋಡಿ, ಮುಟ್ಟಿ ನೋಡಿ

ಸೈಕಲ್ಲನ್ನು ಗೋಣಿಚೀಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಚೈನಿನ ಜಿಡ್ಡಿಗೆ ಸೀಮೆಎಣ್ಣೆಯೋ ಡೀಸೆಲ್ಲೋ ಅದ್ದಿದ ಬಟ್ಟೆ ಸಾಕು, ಆದರೆ ಅದು ಹೆಸರಿನ ಅಚ್ಚಿಗೆ ತಾಗದಿರಲಿ. ಮೈಗೆ ಅಂಟುವಾಳದ ನೊರೆ ನೀರು ಮೃದುವಾಗಿ ಕೆಲಸ ಮಾಡುತ್ತದೆ. ವಾಷಿಂಗ್ ಸೋಡಾ ಬೇಡ, ಅದು ಬಣ್ಣವನ್ನು ಮಂಕು ಮಾಡುತ್ತದೆ. ಆಯುಧಪೂಜೆಗೆ ಬಳಿದ ವಿಭೂತಿ, ಕುಂಕುಮ ಎಷ್ಟು ವರ್ಷದ್ದೋ ಸಂದಿಯಲ್ಲಿ ಕೂತಿರುತ್ತದೆ; ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಬಿಡಿಸಿ. ನಿಧಾನವಾಗಿ ಒರೆಸಿ, ಬಿಸಿಲಿಗೆ ಒಣಗಿಸಿ.

ಬಾರಿಗೆ ರೆಕ್ಸಿನ್ ಕವರೋ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೋ ಸುತ್ತಿದ್ದರೆ ಬಿಚ್ಚಿ. ಬಣ್ಣ ಕೆಡಬಾರದೆಂದು ನಾವು ಸುತ್ತಿದ್ದೇ ಒಳಗೆ ನೀರು ಹಿಡಿದುಕೊಂಡು ಬಣ್ಣ ಕೆಡಿಸಿರುತ್ತದೆ. ಹಿಂದೆ ಪುರಸಭೆಯವರು ಸೈಕಲ್ಲಿಗೆ ಲೈಸೆನ್ಸು ಎಂದು ಕೊಡುತ್ತಿದ್ದ ಬಿಲ್ಲೆ ನಿಮಗೆ ನೆನಪಿರಬಹುದು. ಅಪ್ಪನ ಸೈಕಲ್ಲಿನಲ್ಲಿ ಅದನ್ನು ಬಿಗಿದಿದ್ದ ತಂತಿಯ ಕೆಳಗೇ ಮೊದಲ ತುಕ್ಕು ಕಂಡಿತು.

ಈಗ ಹಗಲು ಬೆಳಕಿನಲ್ಲಿ, ಮಾವನವರು ಪಂಚಾಂಗ ನೋಡುವ ಭೂತಗನ್ನಡಿ ಇದ್ದರೆ ಅದನ್ನೂ ಹಿಡಿದು, ಗಾಯಗಳನ್ನು ನೋಡಿ. ನಾಲ್ಕು ಬಗೆ ಕಾಣುತ್ತವೆ. ಒಂದು, ಬರೀ ಮಂಕು. ಎರಡು, ಉಗುರಿಗೆ ಸಿಗದ ತೆಳು ಗೀರು. ಮೂರು, ಬಣ್ಣ ಚಕ್ಕೆ ಹಾರಿ ಕಬ್ಬಿಣ ಕಂಡದ್ದು. ನಾಲ್ಕು, ಬಣ್ಣದ ಕೆಳಗೆ ತುಕ್ಕು ಗುಳ್ಳೆಯಾಗಿ ಉಬ್ಬಿದ್ದು.

ಐದನೆಯದೊಂದಿದೆ, ಅದು ಬಣ್ಣದ ಗಾಯವಲ್ಲ. ಕೊಳವೆಗಳು ಕೂಡುವ ಕಡೆ, ಮುಖ್ಯವಾಗಿ ಹ್ಯಾಂಡಲಿನ ಕೆಳಗೆ, ಕೂದಲೆಳೆಯಂತೆ ಒಂದು ಗೆರೆ ಬಿಟ್ಟು ಅದರಿಂದ ತುಕ್ಕು ಇಳಿಯುತ್ತಿದ್ದರೆ ಕಬ್ಬಿಣವೇ ಸೀಳಿರಬಹುದು. ಅದರ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಯಾರೂ ಅದರ ಮೇಲೆ ಹತ್ತುವ ಮೊದಲು ಸೈಕಲ್ ಶಾಪಿಗೆ ತೋರಿಸಿ. ಚಕ್ಕೆ ಹಾರಿದರೆ ಅಂದ ಕೆಡುತ್ತದೆ, ಚಿಮಟ ಮುರಿದರೆ ಹಲ್ಲು ಮುರಿಯುತ್ತದೆ.

ಮಂಕಿಗೆ ಹೊಳಪು

ಮಂಕಾದ ಕಡೆ ಬಣ್ಣ ಹಚ್ಚಬೇಕಾಗಿಯೇ ಇಲ್ಲ. ಬಿಸಿಲಿಗೆ ಬಣ್ಣದ ಮೇಲ್ಪದರ ಸತ್ತು ಸುಣ್ಣದ ಹಾಗಾಗಿರುತ್ತದೆ, ಅಷ್ಟೇ. ಬನಿಯನ್ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ ತೆಗೆದುಕೊಂಡು, ಮೊದಲು ಕಣ್ಣಿಗೆ ಬೀಳದ ಕೆಳಭಾಗದಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಸ್ವಲ್ಪ ಕಪ್ಪು ಹತ್ತಿದರೆ ಹೆದರಬೇಡಿ, ಸತ್ತ ಪದರ ಬರುತ್ತಿದೆ. ತೆಳು ಗೀರೂ ಇದರಿಂದಲೇ ಮಾಯವಾಗುತ್ತದೆ. ಬಂಗಾರದ ಗೆರೆಯ ಮೇಲೆ, ಹೆಸರಿನ ಅಚ್ಚಿನ ಮೇಲೆ, ಕೊಳವೆಯ ಅಂಚುಗಳ ಮೇಲೆ ಉಜ್ಜಬೇಡಿ. ಅಲ್ಲಿ ಬಣ್ಣ ತೆಳುವಾಗಿರುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳೆಯುತ್ತದಲ್ಲ ಎನ್ನುತ್ತೀರಾ? ಹೊಳೆಯುತ್ತದೆ, ಎರಡು ದಿನ. ಆಮೇಲೆ ನಮ್ಮೂರಿನ ಧೂಳೆಲ್ಲ ಅದಕ್ಕೇ ಹತ್ತುತ್ತದೆ. ಎಣ್ಣೆ ಮುಟ್ಟಿದ ಕಡೆ ಹೊಸ ಬಣ್ಣವೂ ಹಿಡಿಯುವುದಿಲ್ಲ.

ನನ್ನ ತಪ್ಪು ಇಲ್ಲೇ ಹೇಳಿಬಿಡುತ್ತೇನೆ. ಹೆಸರಿನ ಪಕ್ಕ ಜಿಡ್ಡು ಕೂತಿತ್ತು. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಹತ್ತಿ ಅದ್ದಿ ಒರೆಸಿದೆ. ಜಿಡ್ಡಿನ ಜತೆಗೆ ರ್‍ಯಾಲಿ ಹೆಸರಿನ ಕೊನೆಯ ಅಕ್ಷರವೂ ಹತ್ತಿಗೆ ಬಂತು! ಬೇಯಿಸಿದ ಎನಾಮಲ್ ಅದಕ್ಕೆ ಜಗ್ಗಲಿಲ್ಲ, ಮೇಲಿನ ಅಚ್ಚು ಕರಗಿಹೋಯಿತು. ನನ್ನ ಮಗ ಈಗಲೂ, "ಅಮ್ಮಾ, ನಿನ್ನ ಸೈಕಲ್ಲಿಗೆ ಒಂದು ಹಲ್ಲು ಬಿದ್ದಿದೆ" ಎಂದು ಅಣಕಿಸುತ್ತಾನೆ.

ತುಕ್ಕಿಗೆ ಹುಣಸೆಹಣ್ಣು

ಚಕ್ಕೆ ಹಾರಿದ ಕಡೆ, ಗುಳ್ಳೆ ಎದ್ದ ಕಡೆ, ಸಡಿಲವಾದ ಬಣ್ಣವನ್ನು ಚೂಪು ಮಾಡಿದ ಬಿದಿರುಕಡ್ಡಿಯಿಂದ ಎಬ್ಬಿಸಿ. ಗುಳ್ಳೆ ಸಾಸಿವೆಯಷ್ಟು ಕಂಡರೂ ಕೆಳಗೆ ತುಕ್ಕು ಗೋಲಿಯಷ್ಟಿರುತ್ತದೆ. ಗಟ್ಟಿ ಬಣ್ಣ ಸಿಗುವವರೆಗೂ ಬಿಡಿಸಬೇಕು. ಹುಣಸೆಹಣ್ಣನ್ನು ನೆನೆಸಿ ಗಟ್ಟಿಯಾಗಿ ಕಿವುಚಿ ತುಕ್ಕಿನ ಮೇಲೆ ಮಾತ್ರ ಹಚ್ಚಿ, ಕಾಲು ಗಂಟೆ ಬಿಡಿ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಸಡಿಲಿಸುತ್ತದೆ. ಹಿತ್ತಾಳೆ ಕೊಡ ತಿಕ್ಕುವಾಗಿನ ಅಭ್ಯಾಸದಲ್ಲಿ ಉಪ್ಪು ಮಾತ್ರ ಸೇರಿಸಬೇಡಿ. ಕಬ್ಬಿಣಕ್ಕೆ ಉಪ್ಪು ವೈರಿ.

ಆಮೇಲೆ 320 ನಂಬರಿನ ಕಾಗದವನ್ನು ಪೆನ್ಸಿಲ್ಲಿನ ತುದಿಗೆ ಸುತ್ತಿ ನೀರು ಮುಟ್ಟಿಸಿ ಉಜ್ಜಿ. ಕೆಂಪೆಲ್ಲ ಹೋಗಿ ಬೂದು ಬಣ್ಣದ ಕಬ್ಬಿಣ ಕಾಣಬೇಕು. ಸುತ್ತಲಿನ ಬಣ್ಣದ ಅಂಚನ್ನು 600ರ ಕಾಗದದಿಂದ ಇಳಿಜಾರು ಮಾಡಿ. ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಶುದ್ಧ ನೀರಲ್ಲಿ ಎರಡು ಸಲ ಒರೆಸಿ ತೆಗೆದು, ಕೂಡಲೇ ಬಿಸಿಲಿಗೋ ಕೂದಲು ಒಣಗಿಸುವ ಯಂತ್ರಕ್ಕೋ ಹಿಡಿದು ಒಣಗಿಸಿ. ತೆರೆದ ಕಬ್ಬಿಣವನ್ನು ನಾಳೆ ನೋಡೋಣ ಎಂದು ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪಗಾಗಿರುತ್ತದೆ. ಅದೇ ದಿನ ಪ್ರೈಮರ್ ಬೀಳಬೇಕು.

ರಿಮ್ಮು, ಹ್ಯಾಂಡಲಿನ ಬಿಳಿ ಲೋಹದ ಮೇಲಿನ ಸಣ್ಣ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯ ತುಂಡನ್ನು ನೀರಲ್ಲಿ ಅದ್ದಿ ಉಜ್ಜಿದರೆ ಸಾಕು, ಚಪಾತಿ ಸುತ್ತಿ ಡಬ್ಬಿಗೆ ಹಾಕುವ ಹಾಳೆಯೇ. ಬಣ್ಣದ ಮೇಲೆ ಅದನ್ನು ಬಳಸಬೇಡಿ.

ಕಪ್ಪು ಎಂದರೆ ಒಂದೇ ಕಪ್ಪಲ್ಲ

ಪ್ರೈಮರನ್ನು ಟರ್ಪೆಂಟೈನಿನಿಂದ ತುಸು ತೆಳು ಮಾಡಿ, ಕುಂಚದ ತುದಿಯಿಂದ ಕಬ್ಬಿಣ ಕಂಡಷ್ಟಕ್ಕೇ ಹಚ್ಚಿ. ಒಂದು ರಾತ್ರಿ ಬಿಡಿ. ಮರುದಿನ 600ರ ಕಾಗದದಿಂದ ಹಗುರವಾಗಿ ಸವರಿ.

ಇನ್ನು ಬಣ್ಣ. ಕಪ್ಪು ತಾನೆ, ಯಾವುದಾದರೇನು ಎಂದುಕೊಂಡೆ. ಹಚ್ಚಿದಾಗ ಹೊಸ ಕಪ್ಪು ನೀಲಿ ಹೊಡೆಯಿತು, ಅಪ್ಪನ ಸೈಕಲ್ಲಿನ ಕಪ್ಪು ಕಾಫಿ ಡಿಕಾಕ್ಷನ್ನಿನ ಕಪ್ಪು! ಹಳೇ ಬಣ್ಣ ಬಿಸಿಲು ಕುಡಿದು ಕಂದಿಗೆ ತಿರುಗಿರುತ್ತದೆ. ಅದಕ್ಕೇ ಕಪ್ಪಿಗೆ ಒಂದೆರಡು ಹನಿ ಕಂದು ಸೇರಿಸಿ ಡಬ್ಬಿಯ ಮುಚ್ಚಳದ ಮೇಲೆ ಹಚ್ಚಿ, ಒಣಗಿದ ಮೇಲೆ ಸೈಕಲ್ಲಿನ ಪಕ್ಕ ಹಿಡಿದು ನೋಡಿ. ಹಸಿಯಿದ್ದಾಗಿನ ಬಣ್ಣ ನಂಬಬೇಡಿ, ದೀಪದ ಬೆಳಕನ್ನೂ ನಂಬಬೇಡಿ. ರವಿಕೆ ಬಟ್ಟೆಯನ್ನು ಅಂಗಡಿಯ ಹೊರಗೆ ತಂದು ಸೀರೆಗೆ ಹೊಂದಿಸಿ ನೋಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹಚ್ಚುವಾಗ ಗಾಯ ತುಂಬುವಷ್ಟು ಒಮ್ಮೆಗೇ ಸುರಿಯಬೇಡಿ. ಮೇಲ್ಪದರ ಮೊದಲು ಒಣಗಿ, ಒಳಗೆ ಹಸಿ ಉಳಿದು, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ತೆಳುವಾಗಿ ಒಂದು ಸಲ, ಮರುದಿನ ಒಂದು ಸಲ, ಅದರ ಮರುದಿನ ಇನ್ನೊಂದು ಸಲ. ಪ್ರತಿ ಸಲವೂ ಗಾಯದ ಒಳಗೇ ಇರಲಿ, ಹೊರಗಿನ ಹಳೇ ಬಣ್ಣದ ಮೇಲೆ ಹರಡದಿರಲಿ. ಕೊನೆಗೆ ಸುತ್ತಲಿನದಕ್ಕಿಂತ ಕೂದಲಷ್ಟು ಎತ್ತರವಾದರೆ ಸರಿಯಾಯಿತು.

ಅಂಗಡಿಯಲ್ಲಿ ಥಿನ್ನರ್ ಕೇಳಿದರೆ ಎನ್.ಸಿ. ಥಿನ್ನರ್ ಕೊಟ್ಟುಬಿಡುತ್ತಾರೆ. ಅದು ಬೇರೆ ಜಾತಿಯ ಬಣ್ಣಕ್ಕೆ. ಎನಾಮಲ್ಲಿಗೆ ಬೆರೆಸಿದರೆ ಕೆಳಗಿನ ಪದರ ಸುಕ್ಕಾಗಿ ಏಳುತ್ತದೆ. ಟರ್ಪೆಂಟೈನ್ ಎಂದೇ ಕೇಳಿ. ಉಗುರುಬಣ್ಣ ಹಚ್ಚಿದರಾಗದೆ ಎಂದು ನನ್ನ ನಾದಿನಿ ಕೇಳಿದಳು. ಸಾಸಿವೆಯಷ್ಟು ಗಾಯಕ್ಕೆ ನಾಲ್ಕು ದಿನ ನಡೆದೀತು, ಬಿಸಿಲಿಗೆ ಬಿರಿದು ಉದುರುತ್ತದೆ.

ಕಾಲವನ್ನೂ ನೋಡಿ. ಜುಲೈ ತಿಂಗಳ ಜಿಟಿಜಿಟಿಯಲ್ಲಿ ಈ ಕೆಲಸ ಬೇಡ. ಏಪ್ರಿಲ್ ಮಧ್ಯಾಹ್ನದ ಸುಡುವ ಕಬ್ಬಿಣದ ಮೇಲೂ ಬೇಡ. ದೀಪಾವಳಿ ಕಳೆದು ಶಿವರಾತ್ರಿಯೊಳಗೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಅಂಗಳ ಗುಡಿಸಿ ಧೂಳು ಕೂತ ಮೇಲೆ ಒಳ್ಳೆಯ ಹೊತ್ತು. ಒಣಗುವಾಗ ಮೇಲೆ ತೆಳು ಬಟ್ಟೆಯನ್ನು ಚಪ್ಪರದ ಹಾಗೆ ಕಟ್ಟಿ, ಬಣ್ಣಕ್ಕೆ ತಾಗದಂತೆ.

ಗೆರೆ ಎಳೆಯುವುದು ನಮ್ಮ ಕೈಗೆ ಬಂದ ವಿದ್ಯೆ

ಬಂಗಾರದ ಗೆರೆ ಅಲ್ಲಲ್ಲಿ ಕಡಿದುಹೋಗಿತ್ತು. ಪೇಂಟಿನವರು "ಅದು ಬರಲ್ಲ, ಸ್ಟಿಕ್ಕರ್ ಹಾಕ್ಕೊಳ್ಳಿ" ಎಂದಿದ್ದರು. ಅಯ್ಯೋ, ಎಳೆ ರಂಗೋಲಿ ಹಾಕುವ ಕೈಗೆ ಒಂದು ಗೆರೆ ಬರಲ್ಲವೆ? ಕಿರುಬೆರಳನ್ನು ಕೊಳವೆಯ ಮೇಲೆ ಊರಿ, ಉಸಿರು ಬಿಗಿಹಿಡಿದು, ಕುಂಚವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮೊದಲು ಹಳೇ ಡಬ್ಬಿಯ ಮೇಲೆ ಹತ್ತು ಸಲ ಅಭ್ಯಾಸ ಮಾಡಿ. ಕೆಳಗಿನ ಕಪ್ಪು ಪೂರ್ತಿ ಗಟ್ಟಿಯಾಗಿದ್ದರೆ ತಪ್ಪಿದ ಗೆರೆಯನ್ನು ಟರ್ಪೆಂಟೈನ್ ಸೋಕಿಸಿದ ಬಟ್ಟೆಯಿಂದ ಕೂಡಲೇ ಒರೆಸಿಬಿಡಬಹುದು. ನನ್ನ ಮೊದಲ ಗೆರೆ ಹಾವಿನ ಹಾಗೆ ಹೋಯಿತು, ಮೂರನೆಯದು ನಿಂತಿತು.

ಹಚ್ಚಿದ ಬಣ್ಣ ಮರುದಿನ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ವಾರ ಬೇಕು. ಕಾಯಿರಿ. ಆಮೇಲೆ 1200ರ ಕಾಗದವನ್ನು ಮಕ್ಕಳ ರಬ್ಬರಿಗೆ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ, ಉಬ್ಬಿದಷ್ಟನ್ನೇ ಸವರಿ ಸಮ ಮಾಡಿ. ಕಾಂಪೌಂಡಿನಿಂದ ಹೊಳಪು ಕೊಟ್ಟು, ಕೊನೆಗೆ ಮೇಣ. ಹಿಂದಿನ ಮಡ್‌ಗಾರ್ಡಿನ ಬಿಳಿ ಪಟ್ಟಿಯನ್ನು ಮರೆತೂ ಕಪ್ಪು ಮಾಡಬೇಡಿ; ಕತ್ತಲಲ್ಲಿ ಹಿಂದಿನಿಂದ ಬರುವ ಗಾಡಿಯವರಿಗೆ ಕಾಣಲೆಂದು ಇರುವುದು ಅದು.

ಒಂದು ಗಾಯ ಹಾಗೇ ಉಳಿಯಿತು

ಎಲ್ಲ ಮುಗಿದಿತ್ತು, ಒಂದು ಜಾಗ ಬಿಟ್ಟು. ಹ್ಯಾಂಡಲಿನ ಹತ್ತಿರ ಬಾರಿನ ಮೇಲೆ ಗೇಣುದ್ದ ಬಣ್ಣವೇ ಇರಲಿಲ್ಲ, ಕಬ್ಬಿಣ ಸವೆದು ನುಣ್ಣಗಾಗಿತ್ತು. ಅದನ್ನು ಕೊನೆಗೆಂದು ಇಟ್ಟುಕೊಂಡಿದ್ದೆ, ದೊಡ್ಡ ಗಾಯವಲ್ಲವೆ? ಅಷ್ಟರಲ್ಲಿ ಅವ್ವ ಹರಿಹರದಿಂದ ಬಂದಳು. ಅಂಗಳದಲ್ಲಿ ಕಾಗದ ನೆನೆಸಿಕೊಂಡು ನಾನು ಉಜ್ಜಲು ಕೂತಾಗ ಪಕ್ಕಕ್ಕೆ ಬಂದು ಕುಂತಳು.

"ಅದನ್ನ ಯಾಕೆ ಮುಚ್ತೀಯವ್ವ?"

"ತುಕ್ಕು ಹಿಡೀತೈತಲ್ಲವ್ವ."

"ನೀನು ಕುಂತ ಜಾಗ ಅದು."

ನನಗೆ ನೆನಪಾಯಿತು. ಬಾರಿಗೆ ಟವೆಲ್ಲು ಮಡಚಿ ಹುರಿಯಿಂದ ಕಟ್ಟಿ ಅಪ್ಪ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಹರಿಹರೇಶ್ವರನ ಗುಡಿಗೆ, ಹೊಳೆಗೆ, ಶಾಲೆಗೆ. ನನ್ನ ನಂತರ ತಮ್ಮ. ಟವೆಲ್ಲಿನಲ್ಲಿ ಕೂತ ಧೂಳೇ ವಾಟರ್ ಪೇಪರಿನ ಹಾಗೆ ಹತ್ತಾರು ವರ್ಷ ಆ ಬಣ್ಣವನ್ನು ಉಜ್ಜಿ ತೆಗೆದಿತ್ತು. ಬೇರೆ ಗಾಯಗಳೆಲ್ಲ ಮಳೆಯದು, ತಂತಿಯದು. ಇದು ನಮ್ಮಿಬ್ಬರದು.

ಕಾಗದವನ್ನು ನೀರಿಗೆ ವಾಪಸು ಹಾಕಿದೆ. ತುಕ್ಕಿನ ಚುಕ್ಕಿಗಳನ್ನಷ್ಟೇ ತೆಗೆದು, ಒಣಗಿಸಿ, ಮೇಣ ಹಚ್ಚಿಟ್ಟೆ. ಮೇಣ ಬಣ್ಣದಷ್ಟು ಭದ್ರವಲ್ಲ; ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು, ಮಳೆಗಾಲದಲ್ಲಿ ಎರಡು ಸಲ. ನಿಮ್ಮ ಮನೆಯ ಸೈಕಲ್ಲಿನಲ್ಲೂ ಹಾಲಿನ ಕ್ಯಾನು ತಾಗಿ ಸವೆದದ್ದೋ, ಅಂಗಡಿಯ ಮೂಟೆ ಉಜ್ಜಿ ಹೋದದ್ದೋ ಇರಬಹುದು. ಉಜ್ಜುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ.

ಈಗ ಸೈಕಲ್ಲು ಮತ್ತೆ ಹರಿಹರದಲ್ಲಿದೆ. ಗುಜರಿಗೆ ಹಾಕುತ್ತೇನೆಂದಿದ್ದ ತಮ್ಮನೇ ಬಂದು ಒಯ್ದ, ಟಯರು ಟ್ಯೂಬು ಹೊಸದು ಹಾಕಿಸಿ, ಓವರ್‌ಆಯಿಲ್ ಮಾಡಿಸಿದ. ಭಾನುವಾರ ಮಾರುಕಟ್ಟೆಗೆ ಅದರಲ್ಲೇ ಹೋಗುತ್ತಾನಂತೆ. ಮೇಣದ ಡಬ್ಬಿ ಮಾತ್ರ ಅವ್ವನ ಹತ್ತಿರ, ದೇವರ ಗೂಡಿನ ಕೆಳಗಿನ ಅರೆಯಲ್ಲಿದೆ. ಮೊನ್ನೆ ಫೋನಿನಲ್ಲಿ ಕೇಳಿದಳು: "ಡಬ್ಬಿ ತಳ ಕಾಣ್ತೈತೆ. ಬರೋವಾಗ ಇನ್ನೊಂದು ತರ್ತೀಯೇನವ್ವ?"